ತೊಗಲು ಹೊದಿಸದ ಮರಿ

ನಂಗ ಸಿಟ್ಟು ಲಗೂ ಬರ್ತದ. ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರ ಇದೆಲ್ಲಾ ನೆನಪಾಗಿದ್ದೇ ಒಂದು ಸಿಟ್ಟಿನಿಂದ. ಎಂಬತ್ತರ ದಶಕದ ಸುರುವಿನ್ಯಾಗ ನಾ ಬಸವಕಲ್ಯಾಣದ ಒಂದು ಕಾಲೇಜಿನಾಗ ಇಂಗ್ಲಿಷ್ ಕಲಸ್ತಿದ್ದೆ. ಆ ವರ್ಷ ಬಿ.ಎ. ಹುಡುಗರಿಗೆ ಒಂದು ಹಳೇ ಇಂಗ್ಲಿಷ್ ಕಾದಂಬರಿ ಇತ್ತು, ಓದಿದ್ರ ಮೈ ಜುಮ್ ಅನ್ನೋ ಅಂಥದ್ದು. ಅದರಾಗ ಒಬ್ಬ ಹಟಮಾರಿ ವಿದ್ವಾಂಸ ತನ್ನ ಕೈಯಾರೆ ಒಂದು ಜೀವ ಮಾಡ್ತಾನ, ಮಾಡಿದ ಮ್ಯಾಲ ಅದರ ಮಾರಿ ನೋಡಿ ಓಡಿಹೋಗ್ತಾನ. ಅದು ಅವನ ಬೆನ್ನ ಹತ್ತಿ ಅವನ ಮಂದೀನ ಒಬ್ಬೊಬ್ಬರನ್ನಾಗಿ ಮುಗಸ್ತದ. ಕಡೀಕ ಸಾಯೋ ಹೊತ್ತಿಗೆ ಅಂವ ಈ ಕಥಿ ಒಬ್ಬ ಹಡಗಿನ ಕ್ಯಾಪ್ಟನ್ ಮುಂದ ಹೇಳ್ತಾನ. ಆ ಕ್ಯಾಪ್ಟನ್ನೂ ಅಂಥವ್ನೇ, ಯಾರೂ ಮುಟ್ಟದ ಜಾಗಾ ಮುಟ್ತೀನಂತ ಹೊಂಟಾಂವ.

ಪರೀಕ್ಷಾದಾಗ ಪ್ರತಿ ವರ್ಷ ಒಂದು ಪ್ರಶ್ನಿ ಬರೋದು ಖಾತ್ರಿ: ಇವರಿಬ್ಬರ ಪಾತ್ರ ಹೋಲಿಸಿ, ಮಹತ್ವಾಕಾಂಕ್ಷೆ ಕುರಿತು ಬರೀರಿ. ಮುಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಗೈಡಿನಾಗಿದ್ದದ್ದು ಒದರಿದ. "ಇಬ್ಬರೂ ಮಹತ್ವಾಕಾಂಕ್ಷಿಗಳು. ಒಬ್ಬ ಹಿಂತಿರುಗಿದ, ಬದುಕಿದ. ಇನ್ನೊಬ್ಬ ಹಿಂತಿರುಗಲಿಲ್ಲ, ಸತ್ತ. ಆದ್ದರಿಂದ ಅತಿಯಾಸೆ ಕೆಟ್ಟದ್ದು." ಹೇಳಿ ಕೂತುಬಿಟ್ಟ, ಹಲ್ಲು ಬ್ಯಾರೆ ಕಿಸದ.

ನನ್ನ ಕೈಯಾಗಿದ್ದ ಡಸ್ಟರ್ ತೂರಿದೆ. ಅವನ ಕಿವಿ ಪಕ್ಕದಾಗಿಂದ ಹೋಗಿ ಹಿಂದಿನ ಗ್ವಾಡಿಗೆ ಬಡೀತು. "ಆ ಮಾಡಿದ ಜೀವ ಎಲ್ಲಿ ಹೋಯ್ತೋ ನಿನ್ನ ಉತ್ತರದಾಗ?" ಅಂದೆ. "ಅದನ್ನ ಯಾರೂ ಹತ್ರ ಕರ್ಕೊಳ್ಳಲಿಲ್ಲ, ಅದು ನಿಂಗ ಕಾಣ್ಲೇ ಇಲ್ಲೇನು?" ನಾ ಪಾಠ ಅಲ್ಲಿಗೇ ಬಿಟ್ಟು ಸ್ಟಾಫ್ ರೂಮಿಗೆ ಬಂದು ನೀರು ಕುಡದೆ. ಮೂಗಿನಾಗ ಟಗರಿನ ವಾಸನಿ ತುಂಬಿತ್ತು.

ನಮ್ಮ ಕಡೀನ ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕ ಹಚ್ಚಿದ ವರ್ಷ ನಾ ಹುಟ್ಟಿದಾಕಿ. ಊರು ಹುಮನಾಬಾದ್ ಹತ್ರ ಘಾಟಬೋರಾಳ. ನಾವು ಕುರುಬರು. ಅಪ್ಪಗ ಒಂದು ಹಿಂಡು ಕುರಿ ಇದ್ವು, ಒಂದು ತುಂಡು ಹೊಲ ಇತ್ತು, ಮತ್ತ ಆ ಎರಡರಕ್ಕಿಂತ ದೊಡ್ಡದೊಂದು ಜಿದ್ದು ಇತ್ತು. ಟಗರಿನ ಟಕ್ಕರದ ಜಿದ್ದು. ಎರಡು ಟಗರು ಹಿಂದ ಹಿಂದ ಸರದು, ಓಡಿ ಬಂದು ತಲಿಗೆ ತಲಿ ಬಡೀತಾವಲ್ಲ, ಅದು. ನೋಡಿದವ್ರಿಗೆ ಗೊತ್ತು, ಆ ಸಪ್ಪಳ ಕಿವಿಗಲ್ಲ, ಹೊಟ್ಟಿಗೆ ಕೇಳಸ್ತದ.

ನಾ ಏಳನೇತ್ತಾ ಓದೋ ಹೊತ್ತಿಗೆ ಅಪ್ಪ ಹಿಂಡಿನಾಗಿನ ತನ್ನ ಛಲೋ ಟಗರು ತಗೊಂಡು ಹುಮನಾಬಾದ್ ಸಂತಿ ಬಯಲಿಗೆ ಹೋಗಿದ್ದ. ಅಲ್ಲಿನ ಒಬ್ಬ ಅಡತಿ ವ್ಯಾಪಾರದ ಸಾಹುಕಾರನ ಟಗರು ಎದುರಿಗೆ ಬಂತು. ಮೂರನೇ ಟಕ್ಕರಿಗೆ ನಮ್ಮದು ಕುತ್ತಗಿ ಮುರಕೊಂಡು ಬಿತ್ತು. ಸಾಹುಕಾರ ಅದರ ಮೈಮ್ಯಾಲ ಚಪ್ಪಲಿ ಇಟ್ಟು, "ಲೇ, ಇದು ಟಗರಲ್ಲ, ಪಲ್ಯಾ. ಮನಿಗೊಯ್ದು ಕುದಸು," ಅಂದ. ನಕ್ಕವ್ರು ಎಷ್ಟು ಮಂದಿನೋ. ಅಪ್ಪ ಸತ್ತ ಟಗರು ಹೆಗಲ ಮ್ಯಾಲ ಹೊತ್ತುಕೊಂಡು ನಡಕೋತ ಊರಿಗೆ ಬಂದ. ಅಂಗಳದಾಗ ಒಗದು, ನೀರು ಸೈತ ಕುಡೀದ ಕೂತ. ಅವ್ವ ಏನೋ ಸಮಾಧಾನ ಹೇಳಾಕ ಹೋದ್ಳು, ನೀರಿನ ಚರಗಿ ತಗೊಂಡು ಆಕಿ ಎದಿಗೆ ಬೀಸಿ ಹೊಡದ. ನಾ ಬಾಗಲಾ ಹಿಡ್ಕೊಂಡು ನಿಂತು ನೋಡಿದೆ.

ಆ ಛಳಿಗಾಲಕ್ಕ ಹಿಂಡಿನಾಗ ಒಂದು ಕುರಿ ಈಯುವಾಗ ಸತ್ತು ಮರಿ ಉಳೀತು. ಗಂಡು ಮರಿ, ಹುಟ್ಟಿದಾಗೇ ಕಾಲು ದಪ್ಪ. ಅದೇ ದಿನ ಇನ್ನೊಂದು ಕುರಿದು ಮರಿ ಸತ್ತಿತ್ತು. ಇಂಥಾದ್ರಾಗ ನಮ್ಮವ್ರು ಒಂದು ಕೆಲಸ ಮಾಡ್ತಾರ. ಸತ್ತ ಮರೀದು ತೊಗಲು ಸುಲದು, ನಾಕೂ ಕಾಲಿಗೆ ತೂತು ಬಿಟ್ಟು, ತಬ್ಬಲಿ ಮರಿಗೆ ಅಂಗಿ ತೊಡಿಸಿದಂಗ ತೊಡಿಸಿ ದಾರ ಕಟ್ತಾರ. ಮರಿ ಕಳಕೊಂಡ ಕುರಿ ಬಂದು ಮೂಸ್ತದ. ತನ್ನ ಮರೀ ವಾಸನಿ ಬಂತಂದ್ರ ಮೊಲಿ ಕೊಡ್ತದ. ಒಂದಿಷ್ಟು ದಿನಕ್ಕ ಆ ತೊಗಲು ತಗದು ಒಗದ್ರೂ ನಡೀತದ, ಅಷ್ಟೊತ್ತಿಗೆ ಇದರ ಮೈ ವಾಸನೀನೂ ಅದಕ್ಕ ಒಗ್ಗಿರ್ತದ. ನೋಡಾಕ ಹೇಸಿಗಿ ಅನಸ್ತದ, ಆದ್ರ ಎಷ್ಟು ಮರಿ ಹಂಗ ಬದುಕ್ಯಾವಂತ ಲೆಕ್ಕಿಲ್ಲ.

ಅವ್ವ ತೊಗಲು ಸುಲದು ಕೈಯಾಗ ಹಿಡ್ಕೊಂಡು ಬಂದ್ಳು. ಅಪ್ಪ ಅದನ್ನ ಕಸಕೊಂಡು ನಾಯಿಗೆ ಒಗದ.

"ಇದನ್ನ ಹಿಂಡಿನಾಗ ಬಿಟ್ರ ಕುರಿ ಆಗ್ತದ," ಅಂದ. "ನಂಗ ಕುರಿ ಬ್ಯಾಡ. ಹಿಂಡಿನಾಗ ಬೆಳದದ್ದಕ್ಕ ಮನಿಷಾನ ಅಂಜಿಕಿ ಇರ್ತದ, ಹಲಗಿ ಬಡಿಯೋ ಸಪ್ಪಳದ ಅಂಜಿಕಿ ಇರ್ತದ. ಇದಕ್ಕ ಅಂಜಿಕಿ ಅಂದ್ರ ಏನಂತೇ ಗೊತ್ತಾಗಬಾರ್ದು. ನಾನೇ ಹಾಲು ಕುಡಸ್ತೀನಿ."

"ಅಂಜಿಕಿ ಇಲ್ಲಂದ್ರ ನಮ್ಮದೂ ಇರಂಗಿಲ್ಲ ನೋಡು," ಅಂದ್ಳು ಅವ್ವ. "ಮನ್ಯಾಗ ಯಾರನ್ನರೆ ಕೊಂದು ಹಾಕ್ತದ."

"ನಿನ್ನನ್ನೇ ಮೊದ್ಲು ಕೊಲ್ಲಲಿ," ಅಂದು ಅಪ್ಪ ನಕ್ಕ. ಅವತ್ತು ಅವನ ಸಂಗಟ ನಾನೂ ನಕ್ಕೆ. ಅವ್ವ ಒಬ್ಬಾಕಿ ನಗಲಿಲ್ಲ, ರಕ್ತ ಹತ್ತಿದ ಕೈ ಸೆರಗಿಗೆ ಒರಸ್ಕೊಂಡು ಒಳಗ ಹೋದ್ಳು.

ಅದೇ ವರ್ಷ ಅಪ್ಪ ನನ್ನನ್ನೂ ಹಿಂಡಿನಿಂದ ತಗದ. ಹುಮನಾಬಾದ್ ಹೈಸ್ಕೂಲಿಗೆ ಹಚ್ಚಿದ. ನಮ್ಮ ಕುಲದಾಗ ಅಲ್ಲಿ ತನಕ ಹೆಣ್ಣು ಹುಡುಗಿ ಬಸ್ಸು ಹತ್ತಿ ಸಾಲಿಗೆ ಹೋದದ್ದು ಇರಲಿಲ್ಲ. "ಇಕಿ ಆಫೀಸರ್ ಆಗ್ತಾಳ," ಅಂತ ಊರ ತುಂಬ ಹೇಳ್ಕೋತ ತಿರಗಿದ. ಘಮಘಮ ಅನ್ನೋ ಸಾಬೂನು ತಂದುಕೊಟ್ಟ. ಕುರಿ ದೊಡ್ಡಿ ಕಡೆ ಕಾಲಿಡಬ್ಯಾಡ, ಉಣ್ಣಿ ನೂಲಬ್ಯಾಡ, ಓಣಿ ಹುಡುಗೇರ ಸಂಗಟ ಕೂಡಬ್ಯಾಡ ಅಂದ. ಒಮ್ಮೆ ಉಣ್ಣಿ ಕತ್ತರಸೋ ದಿನ ಅವ್ವಗ ಕುರಿ ಹಿಡದು ಕೊಡಾಕ ಕೂತಿದ್ದೆ. ಅಪ್ಪ ಬಂದು ನೋಡಿದ. ಹಗ್ಗ ತಗೊಂಡು ಬೆನ್ನ ಮ್ಯಾಲ ಬರಿ ಏಳೂ ಹಂಗ ಹೊಡದ. "ನಿನ್ನನ್ನ ಕುರಿ ಮಾಡಾಕ ಓದಸಾಕತ್ತೀನೇನು?" ಅಂತ ಹೊಡದ. ಮರಿಗೆ ಹೇಳಿದ್ದು ನಂಗೂ ಹೇಳಿದಂಗಿತ್ತು, ಆಗ ನಂಗ ಅದು ತಿಳೀಲಿಲ್ಲ.

ಅವ್ವಗ ಒಂದು ರೂಢಿ ಇತ್ತು. ಮರಿ ಇರ್ಲಿ ಕೂಸಿರ್ಲಿ, ಹತ್ರ ಬಂತಂದ್ರ ಮೊದ್ಲು ತಲಿ ಮೂಸೋಳು. ಸಣ್ಣಾಕಿ ಇದ್ದಾಗ ದಿನಕ್ಕ ಎಷ್ಟೋ ಸಲ ನನ್ನ ತಲಿ ಮೂಸ್ತಿದ್ಳು. ಸಾಬೂನು ಬಂದ ಮ್ಯಾಲ ಒಮ್ಮೆ ಹತ್ರ ಎಳಕೊಂಡು ಮೂಸಿದ್ಳು, ಮಾರಿ ಹೊಳ್ಳಿಸಿದ್ಳು. "ಕಿರಾಣಿ ಅಂಗಡಿ ಹಂಗ ನಾರತಿ," ಅಂತ ನಕ್ಳು. ಚೇಷ್ಟಿಗೆ ಅಂದದ್ದೇ, ಆದ್ರ ಮುಂದ ಮೂಸೋದು ಬಿಟ್ಟೇಬಿಟ್ಳು. ನಾ ದೊಡ್ಡಾಕಿ ಆದೆ, ಅದಕ್ಕ ಬಿಟ್ಟಾಳ ಅಂದ್ಕೊಂಡೆ. ಸಂಕಟ ಆಗಿದ್ದು ಮಾತ್ರ ಖರೇ.

ಮರಿ ಬೆಳೀತು. ಅಪ್ಪ ಮಲಗೋ ಹೊರಸಿನ ಕಾಲಿಗೇ ಅದರ ಗೂಟ. ಬಾಟಲಿಗೆ ರಬ್ಬರ್ ಸಿಗಿಸಿ ಹಾಲು ಕುಡಿಸಿದ. ಮುಂದ ತತ್ತಿ, ಕಡ್ಲಿ, ಶೇಂಗಾ ಹಿಂಡಿ, ಬೆಲ್ಲ. ನಮಗ ಒಣಾ ರೊಟ್ಟಿ ಇದ್ದ ದಿನಾನೂ ಅದಕ್ಕ ತತ್ತಿ ತಪ್ಪಲಿಲ್ಲ. ದಿನಾ ಮುಂಜಾನಿ ಅಪ್ಪ ಅದರ ಎದುರಿಗೆ ಮೊಣಕಾಲೂರಿ, ಹಣಿ ಮ್ಯಾಲ ಅಂಗೈ ಇಟ್ಟು ನೂಕೋನು. ಅದು ಹೊಳ್ಳಿ ನೂಕೋದು. ಸುರುವಿಗೆ ಆಟ. ಮುಂದ ಅಂಗೈ ಬದ್ಲಿ ಕಟಗಿ ಹಲಗಿ ಹಿಡದ, ಅದೂ ಒಡೀತು. ಬೇವಿನ ಗಿಡದ ಬೊಡ್ಡಿಗೆ ಗೋಣಿಚೀಲ ಸುತ್ತಿ ಬಿಟ್ಟ. ಹಣಿ ಒಡದು ರಕ್ತ ಕಣ್ಣಾಗ ಇಳದ್ರೂ ಅದು ಗಿಡಾ ಬಿಡ್ತಿರಲಿಲ್ಲ. ಅಪ್ಪ ಗಾಯಕ್ಕ ಅರಿಷಿಣ ಎಣ್ಣಿ ಹಚ್ಚಿ ಅದರ ಕಿವ್ಯಾಗ ಏನೋ ಪಿಸುಗುಟ್ಟೋನು. ನನ್ನ ಕಿವ್ಯಾಗ ಅಪ್ಪ ಎಂದೂ ಪಿಸುಗುಟ್ಟಿಲ್ಲ.

ಮೊದ್ಲು ಓಣಿ ನಾಯಿ ಒಂದನ್ನ ಗ್ವಾಡಿಗೆ ಹಚ್ಚಿ ಪಕ್ಕಡಿ ಎಲುಬು ಮುರದು ಕೊಂದು ಹಾಕ್ತು. ಆಮ್ಯಾಲ ಒಂದಿನ ಹಗ್ಗ ಹರಕೊಂಡು ದೊಡ್ಡಿಗೆ ನುಗ್ಗಿ, ಹಿಂಡಿನ ಟಗರಿನ ಬುರುಡಿ ಒಡೀತು. ಕುರಿ ಎಲ್ಲಾ ಮೂಲಿಗೆ ಸೇರಿ ಒಂದರ ಮ್ಯಾಲ ಒಂದು ಹತ್ತಾಕತ್ವು. ಇದು ಅವುಗಳ ನಡುವ ನಿಂತು ಅತ್ತ ಇತ್ತ ನೋಡ್ತು, ಇವು ಏನು ಅಂತ ಅದಕ್ಕ ತಿಳೀಲಿಲ್ಲ. ಹೊಳ್ಳಿ ಬಂದು ಅಪ್ಪನ ಪಕ್ಕಕ್ಕ ನಿಂತ್ಕೊಂತು. ಅಪ್ಪನ ಮಾರಿ ಮ್ಯಾಲ ಏನು ಕಳಾ. ನಾ ಮ್ಯಾಟ್ರಿಕ್ ಪಾಸಾದಾಗೂ ಅಂಥಾ ಕಳಾ ಬಂದಿರಲಿಲ್ಲ. ಒಂದು ಟಗರಿನ ಮ್ಯಾಲ ನಂಗ ಹೊಟ್ಟೆಕಿಚ್ಚು, ಯಾರಿಗೆ ಹೇಳ್ಲಿ?

"ಈಗರೆ ಅದನ್ನ ಕಟಕರಿಗೆ ಕೊಡು," ಅಂದ್ಳು ಅವ್ವ. "ಮುಂದ ನಾವೇ ಉಳದೀವಿ."

"ಹುಮನಾಬಾದ್ ಟಕ್ಕರ್ ಒಂದು ಆಗ್ಲಿ, ಆಮ್ಯಾಲ ನೋಡೋಣು," ಅಂದ ಅಪ್ಪ. ಆ ಮಾತು ಎಷ್ಟು ಸಲ ಕೇಳೀನೋ. ಅದೊಂದು ಆಗ್ಲಿ, ಆಮ್ಯಾಲ. ನಾನೂ ಅದನ್ನೇ ಅಂತಿದ್ದೆ. ಪಿ.ಯು.ಸಿ. ಒಂದು ಆಗ್ಲಿ, ಆಮ್ಯಾಲ ಅವ್ವನ ಕೈಗೆ ಕೈ ಹಚ್ತೀನಿ.

ಒಂದು ಮುಂಜಾನಿ ಅವ್ವ ಬಗ್ಗಿ ಅಂಗಳ ಕಸಾ ಹೊಡಿಯಾಕತ್ತಿದ್ಳು. ಕಸಾ ಹೊಡಕೋತ ಹಿಂದ ಹಿಂದ ಸರಿಯಾಕತ್ತಿದ್ಳು. ತಲಿ ಬಗ್ಗಿಸಿ ಹಿಂದ ಸರದ್ರ ಟಗರಿನ ಲೆಕ್ಕದಾಗ ಒಂದೇ ಅರ್ಥ: ಬಾ, ನೋಡೇಬಿಡೋಣು. ನಾ ಬಸ್ಸಿಗೆ ಹೊಂಟು ಜಡಿ ಹಾಕ್ಕೊಳಾಕತ್ತಿದ್ದೆ. ಒಣ ಕಟಗಿ ಮುರದಂಗ ಸಪ್ಪಳ ಆಯ್ತು. ಹೊರಗ ಬಂದ್ರ ಅವ್ವ ಗ್ವಾಡಿ ಬುಡಕ್ಕ ಬಿದ್ದಿದ್ಳು, ಒಂದು ಕಾಲು ತಿರುವಿ ಬ್ಯಾರೆ ದಿಕ್ಕಿಗೆ ಹೋಗಿತ್ತು. ಟಗರು ಮತ್ತ ಹಿಂದ ಸರಿಯಾಕತ್ತಿತ್ತು. ಅಪ್ಪ ಒನಕಿ ತಗೊಂಡು ಅದರ ಮಾರಿಗೆ ಹೊಡದ, ಹೊಡದ, ಅದು ತಲಿ ಝಾಡಿಸಿ ನಿಂತು ಅವನನ್ನೇ ನೋಡ್ತು. ಅವ್ವ ಅಳ್ಲಿಲ್ಲ. ಹಲ್ಲು ಕಚ್ಚಿ, "ಕೊಯ್ಯಿ ಅದನ್ನ," ಅಂದ್ಳು.

ಮುಡಬಿಯಿಂದ ಎಲುಬು ಕಟ್ಟಾಂವ ಬಂದು ಬಿದಿರಿನ ಕಟಗಿ ಹಚ್ಚಿ ಕಟ್ಟಿದ. ಟೊಂಕದ ಎಲುಬು ಕೂಡಲೇ ಇಲ್ಲ. ಅವತ್ತಿನಿಂದ ಅವ್ವ ಹೊರಸಿಗೆ ಬಿದ್ಳು, ಹೊರಸು ಬಿಟ್ಟು ಇಳದ್ರ ತೆವಳಬೇಕು. ಟಗರಿಗೆ ಮಾತ್ರ ಕಬ್ಬಿಣದ ಸರಪಳಿ ಬಂತು. ಅಷ್ಟೇ. ನಾ ಅಪ್ಪನ ಮುಂದ ನಿಂತು, "ಅವ್ವಗ ಹಿಂಗಾದ್ಮ್ಯಾಲೂ ಅದು ಬೇಕೇನು ನಿಂಗ?" ಅಂದೆ. "ನಿಂಗೇನು ತಿಳೀತದ," ಅಂದ. "ಅದು ಹುಮನಾಬಾದಿನ್ಯಾಗ ಗೆದ್ದ ದಿನ ನಿಮ್ಮವ್ವನೂ ಹೂಂ ಅಂತಾಳ." ನನ್ನ ಜಲ್ಮದಾಗ ಅಷ್ಟು ದ್ವೇಷ ನಾ ಯಾರ ಮ್ಯಾಲೂ ಮಾಡಿಲ್ಲ. ಆದ್ರ ಪುಸ್ತಕ ಬಗಲಾಗ ಹಿಡ್ಕೊಂಡು ಬಸ್ಸು ಹತ್ತಿದೆ. ಪರೀಕ್ಷಾ ಬಂದಿತ್ತು.

ಆ ಟಗರಿನ ಸುದ್ದಿ ಹುಮನಾಬಾದ್ ಮುಟ್ತು. ಅದೇ ಅಡತಿ ಸಾಹುಕಾರ ಒಂದಿನ ನಮ್ಮೂರಿಗೆ ನೋಡಾಕ ಬಂದ. ಸರಪಳಿ ಮುಟ್ಟದಷ್ಟು ದೂರ ನಿಂತು ಮ್ಯಾಲಿಂದ ಕೆಳಗ ನೋಡಿದ. ಅಪ್ಪನೂ ಪಕ್ಕದಾಗ ನಿಂತಿದ್ದ. ಒಬ್ಬಂವ ಧೋತರ, ಒಬ್ಬಂವ ಕಂಬಳಿ. ಆದ್ರ ನಿಲ್ಲೋ ಧಾಟಿ, ಮೀಸಿ ಮ್ಯಾಲಿನ ಕೈ, ಕಣ್ಣಾಗಿನ ಹಸಿವು ಇಬ್ಬರದೂ ಒಂದೇ. ಒಬ್ಬರನ್ನೊಬ್ಬರು ಕೊಲ್ಲಾಕ ನಿಂತವ್ರು ಅಣ್ಣತಮ್ಮರ ಹಂಗ ಕಂಡ್ರು. ಸಾಹುಕಾರ ಬಾಗಿಲಾಗಿಂದ ಒಳಗ ಹೊರಸಿನ ಮ್ಯಾಲಿದ್ದ ಅವ್ವನ ನೋಡಿ, "ಅವ್ರಿಗೇನಾಗ್ಯದ?" ಅಂದ.

"ಬಿದ್ದಾಳ್ರಿ," ಅಂದ ಅಪ್ಪ.

ಅವ್ವ ಕೇಳಿಸಿಕೊಂಡ್ಳು. ಸಾಹುಕಾರ ಹೋದ ಮ್ಯಾಲ ತನ್ನ ತಲಿಗಿಂಬಿನ ಕಡೆ ಇದ್ದ ನೀರಿನ ತಂಬಿಗಿ ಎತ್ತಿ ಅಪ್ಪನ ಮಾರಿಗೆ ಒಗದ್ಳು. ಗುರಿ ತಪ್ಪಲಿಲ್ಲ, ಹುಬ್ಬು ಒಡೀತು. ಅಪ್ಪ ಕೈ ಎತ್ತಲಿಲ್ಲ. ರಕ್ತ ಒರಸ್ಕೊಂಡು ಟಗರಿನ ಕಡೆ ಹೋದ.

ಟಕ್ಕರದ ದಿನ ನಾ ಹುಮನಾಬಾದಿನ್ಯಾಗೇ ಇದ್ದೆ, ಕಾಲೇಜಿತ್ತು. ಹೆಣ್ಮಕ್ಕಳು ಅಲ್ಲಿಗೆ ಹೋಗೋದಿಲ್ಲ, ನಾ ಹೋದೆ. ಸಂತಿ ಬಯಲಿನ ಮೋಟುಗ್ವಾಡಿ ಹತ್ತಿ ನಿಂತೆ. ಯಾರರೆ ಏನರೆ ಅಂದಿದ್ರ ಅವರ ಹಲ್ಲು ಉದುರಸ್ತಿದ್ದೆ, ಅಂಥಾ ಹಟ ಇತ್ತು. ನಂಗ ಬೇಕಾಗಿದ್ದು ಒಂದೇ, ನಮ್ಮ ಟಗರು ಸಾಯಬೇಕು. ಅವ್ವನ ಜೀವ ಉಳೀಬೇಕಂದ್ರ ಅದು ಅಲ್ಲೇ, ಎಲ್ಲರ ಮುಂದ ಸಾಯಬೇಕಿತ್ತು.

ಸಾಹುಕಾರನ ಟಗರು ದೊಡ್ಡದು, ಕೊಂಬಿಗೆ ಬಣ್ಣ ಹಚ್ಚಿದ್ರು. ಹಲಗಿ ಬಡದ್ರು. ಅದು ಹಲಗಿ ಸಪ್ಪಳಕ್ಕ ಕಿವಿ ಅಲ್ಲಾಡಿಸ್ತು, ನಮ್ಮದು ಅಲ್ಲಾಡಿಸಲಿಲ್ಲ. ಮೊದಲ್ನೇ ಟಕ್ಕರಿಗೇ ಸಾಹುಕಾರನ ಟಗರಿನ ಕೊಂಬು ಬುಡಕ್ಕ ಸೀಳ್ತು. ಎರಡಕ್ಕ ಮೂಗಿನಾಗಿಂದ ರಕ್ತ. ಅದು ಮಾರಿ ತಿರುವಿ ಓಡ್ತು. ಅಲ್ಲಿಗೆ ಕುಸ್ತಿ ಮುಗೀಬೇಕು, ಓಡಿದ್ದು ಸೋತಂಗ. ಹಿಂಡಿನಾಗ ಬೆಳದ ಟಗರು ಓಡೋದನ್ನ ಬಿಟ್ಟುಬಿಡ್ತದ. ನಮ್ಮದಕ್ಕ ಅದನ್ನ ಯಾರು ಕಲಸಬೇಕಿತ್ತು? ಬೆನ್ನ ಹತ್ತಿ ಪಕ್ಕಡಿಗೆ ಬಡೀತು, ಬಿದ್ದ ಮ್ಯಾಲೂ ಬಡೀತು, ಕಾಲು ಝಾಡಸೋದು ನಿಂತ ಮ್ಯಾಲೂ ಬಡೀತು. ಮಂದಿ ಮೊದ್ಲು ಚೀರಿದ್ರು, ಆಮ್ಯಾಲ ಸುಮ್ಮನಾದ್ರು. ಹಲಗಿ ಬಡಿಯೋನೂ ನಿಲ್ಲಿಸಿದ.

ಅಪ್ಪ ಒಬ್ಬನೇ ನಗಾಕತ್ತಿದ್ದ, ಅಳಾಕತ್ತಿದ್ದ. ಓಡಿ ಹೋಗಿ ಟಗರಿನ ಕುತ್ತಗಿ ತಬ್ಬಿದ. ತನ್ನ ರುಮಾಲು ಬಿಚ್ಚಿ ಅದರ ಕೊಂಬಿಗೆ ಸುತ್ತಿದ. ಆಮ್ಯಾಲ, ತಾ ಮಾಡಿದ್ದನ್ನ ಕಣ್ತುಂಬ ನೋಡಬೇಕಂತನೋ ಏನೋ, ಎರಡು ಕೈ ಜೋಡಿಸಿ, ತಲಿ ಬಗ್ಗಿಸಿ, ಹಿಂದ ಹಿಂದ ಸರದ.

ಹುಟ್ಟಾ ಕುರುಬ. ಕುರಿ ಬಿಟ್ರ ಬ್ಯಾರೆ ಏನೂ ತಿಳೀದಂವ. ಅವನಿಗೆ ಗೊತ್ತಿರಲಿಲ್ಲಂತ ಅನ್ನಂಗಿಲ್ಲ. ಖುಷಿಯಾಗ ಮರತ. ನಾ ಗ್ವಾಡಿ ಮ್ಯಾಲಿಂದ "ಅಪ್ಪಾ" ಅಂತ ಒದರಿದೆ, ಅವ ತಲಿ ಎತ್ತಿದ್ರ ಸಾಕಿತ್ತು. ಎತ್ತಲಿಲ್ಲ. ಟಗರು ಅವನ ಎದಿಗೆ ಬಡೀತು. ಅಪ್ಪ ಹಾರಿ ಬಿದ್ದ. ಮತ್ತ ಹಿಂದ ಸರದು ಬರೋದ್ರಾಗ ಮಂದಿ ಹಗ್ಗ ಒಗದು ಎಳದ್ರು. ಅಪ್ಪನ ಎತ್ತಿ ತನ್ನ ಜೀಪಿನಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾಂವ ಯಾರಂತೀರಿ, ಅದೇ ಸಾಹುಕಾರ. ನಾನೂ ಜೀಪು ಹತ್ತಿದೆ. ದಾರಿ ತುಂಬ ಅಪ್ಪನ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡಿದ್ದ. "ಇದು ನಂಗ ಆಗಬೇಕಿತ್ತೋ ಏನೋ," ಅಂತ ನನ್ನ ಮುಂದ ಅಂದ. ಅವ ಮತ್ತ ಟಗರು ಸಾಕಲಿಲ್ಲ.

ದವಾಖಾನಿಯವ್ರು ಇನ್ನೇನೂ ಆಗಂಗಿಲ್ಲ, ಮನಿಗೆ ಒಯ್ರಿ ಅಂದ್ರು. ಅವ್ವನ ಹೊರಸಿನ ಪಕ್ಕದಾಗ ಅಪ್ಪನ ಹೊರಸು ಬಿತ್ತು. ನಾ ನಡುವ ಕೂತೆ. ಉಸಿರಿಗೊಮ್ಮೆ ರಕ್ತ ಉಗುಳಿ, ಅಪ್ಪ ಮೊದ್ಲಿಂದ ಎಲ್ಲಾ ಹೇಳಿದ. ಚಪ್ಪಲಿ ಇಟ್ಟದ್ದು, ತೊಗಲು ನಾಯಿಗೆ ಒಗದದ್ದು, ಕಿವ್ಯಾಗ ಪಿಸುಗುಟ್ಟಿದ್ದು. "ಏನು ಪಿಸುಗುಟ್ತಿದ್ದಿ?" ಅಂದೆ. "ನೀ ಯಾರಿಗೂ ಕಡಿಮಿ ಇಲ್ಲಂತ," ಅಂದ. ಅದೊಂದು ಮಾತು ನಂಗೂ ಒಮ್ಮೆ ಅಂದಿದ್ರ ಏನು ಹೋಗ್ತಿತ್ತು ಇವಂದು?

ಒಂದು ಮಧ್ಯಾಹ್ನ ಟಗರು ನೋಡ್ತೀನಂದ. ಊರ ಗಂಡಸ್ರು ನಾಕು ಮಂದಿ ಎರಡು ಕಡೆ ಹಗ್ಗ ಹಿಡದು ಬಾಗಲಾ ತನಕ ತಂದ್ರು. ಅದು ಹೊರಸಿನ ಹತ್ರ ಬಂದು ಅಪ್ಪನ ಕೈ ನೆಕ್ತು. ಬೆರಳು ಬಾಯಾಗ ತಗೊಂಡು ಬಾಟಲಿ ಚೀಪಿದಂಗ ಚೀಪ್ತು. ಅಪ್ಪನ ಕಣ್ಣಾಗ ನೀರು ಬಂತು.

"ಇದರದೇನೂ ತಪ್ಪಿಲ್ಲ," ಅಂದ. "ಇದು ಬ್ಯಾರೆ ಟಗರಿನ ಸಂಗಟ ಬೆಳದದ್ದೆಲ್ಲಿ, ನಾ ಒಬ್ಬನೇ ಅಲ್ಲೇನು ಇದಕ್ಕ. ನಾನೂ ಟಗರು ಅಂತ ತಿಳಕೊಂಡದ. ನನ್ನ ಸಂಗಟ ಆಡಾಕ ಬಂದಿತ್ತು."

ಇಷ್ಟು ತಿಳೀತಲ್ಲ, ಇನ್ನೇನು ಈ ಜಿದ್ದು ಬಿಡ್ತಾನ ಅಂದ್ಕೊಂಡೆ. ಅಂವ ನನ್ನ ಮುಂಗೈ ಹಿಡದ. "ಇದನ್ನ ಕೊಯ್ಯಬ್ಯಾಡ್ರಿ. ಬರೋ ವರ್ಷ ಬೀದರಕ್ಕ ಒಯ್ರಿ. ಬೀದರ್ ಒಂದು ಆಗ್ಲಿ, ಆಮ್ಯಾಲ..."

ಅಲ್ಲಿಗೆ ಮಾತು ನಿಂತು, ಮರುದಿನ ಮುಂಜಾನಿ ಹೋದ. ಗೈಡ್ ಬರದವ್ರಿಗೆ ಇದು ಗೊತ್ತಿಲ್ಲ. ಸಾಯೋನು ಬುದ್ಧಿ ಹೇಳಿ ಸಾಯ್ತಾನಂತ ಅವರು ಬರೀತಾರ. ಆ ಕಾದಂಬರಿ ಕ್ಯಾಪ್ಟನ್ ತಾನೇ ಶ್ಯಾಣ್ಯಾ ಆಗಿ ಹಡಗು ತಿರುವಿದಂತ ಬರೀತಾರ. ಖರೇ ಅಂದ್ರ ಅವನ ಹಡಗಿನ ಆಳುಗಳು ನಾವು ಮುಂದ ಬರಂಗಿಲ್ಲಂತ ಕೂತ್ರು, ಅದಕ್ಕ ತಿರುವಿದ. ನಮ್ಮಪ್ಪಗ ಬರಂಗಿಲ್ಲ ಅಂದಾಕಿ ಒಬ್ಬಾಕಿ ಇದ್ದಳು, ಆಕಿ ಟೊಂಕ ಮುರದಿತ್ತು.

ಅಪ್ಪನ ದಿನಾ ಕರ್ಮಾ ಮುಗದ್ವು. ಸಂತಿ ದಿನ ಹುಮನಾಬಾದಿನ ಕಟಕರು ಬಂದು ಟಗರು ಒಯ್ಯೋದಂತ, ಕರ್ಮಕ್ಕ ಬಂದಿದ್ದ ಮಾವಂದಿರು ಮಾತಾಡಿ ತಮ್ಮ ತಮ್ಮ ಊರಿಗೆ ಹೋದ್ರು. ಸಂತಿಗೆ ಇನ್ನೂ ಎರಡು ದಿನ ಇತ್ತು. ಇಳಿಹೊತ್ತು, ಬಿಸಿಲಿತ್ತು. ನಾ ಅಂಗಳದಾಗ ಕುರಿಗೆ ಜಾಲಿ ಸೊಪ್ಪು ಕಡಿಯಾಕತ್ತಿದ್ದೆ. ಯಾರೂ ಬ್ಯಾಡ ಅನ್ನೋರು ಇರಲಿಲ್ಲ ಈಗ. ಕೊಡಲಿ ಹಿಡಿಯೋದೇ ಗೊತ್ತಿಲ್ಲದಕ್ಕ ಕೈ ತುಂಬ ಗುಳ್ಳಿ ಎದ್ದಿದ್ವು. ಅವ್ವ ಒಲಿ ಮ್ಯಾಲಿನ ಹಾಲು ಉಕ್ತದಂತ ನನ್ನ ಕರದ್ಳು, ನಂಗ ಕೇಳಲಿಲ್ಲ. ಆಕಿ ಹೊರಸು ಇಳದು, ಹೊಸ್ತಲಾ ದಾಟಿ, ಮೊಣಕೈ ಮ್ಯಾಲ ತೆವಳಿಕೊಂಡು ನನ್ನ ಕಡೆ ಬಂದ್ಳು. ತಲಿ ಬಗ್ಗಿಸಿ.

ಸರಪಳಿ ಗೂಟದ ಸಂಗಟ ಕಿತ್ತು ಬಂದ ಸಪ್ಪಳ ಕೇಳ್ತು. ತಿರುಗಿ ನೋಡಿದ್ರ ಟಗರು ಹಿಂದ ಹಿಂದ ಸರಿಯಾಕತ್ತಿತ್ತು. ನಾ ನಡುವ ಹೋಗಿ ನಿಂತೆ. ಅದು ಬಂತು. ಪಕ್ಕಕ್ಕ ಸರದು ಕೊಡಲಿ ಬೀಸಿದೆ, ಭುಜಕ್ಕ ಬಿತ್ತು, ಎಲುಬಿಗೆ ತಾಗಿ ಕೈ ಜೋಮು ಹಿಡೀತು. ಅದು ಉರುಳಿ ಎದ್ದು ಮತ್ತ ಹಿಂದ ಸರೀತು. ನನ್ನ ಹಣೆಬರಾ, ಈಗ ಅದರ ಕಣ್ಣಿಗೆ ನಾನೂ ಒಂದು ಟಗರು. ನಾನೂ ಹಿಂದ ಸರದೆ. ಖರೇ ಹೇಳ್ತೀನಿ, ತಲಿ ಬಗ್ಗಿಸಿ ಹಿಂದ ಸರದೆ, ಬಾ ಅಂದೆ. ಎರಡನೇ ಏಟು ಕುತ್ತಗಿಗೆ ಬಿತ್ತು. ಬಿಸಿ ರಕ್ತ ಮಾರಿ, ಕೂದಲು, ಬಾಯಿ ತುಂಬ ಚಿಮ್ತು. ಅದು ಮುಂಗಾಲು ಮಡಚಿ ಬಿದ್ದು ಒದರ್ತು. ದೊಡ್ಡ ಟಗರಿನ ದನಿ ಅಲ್ಲದು, ಹಾಲಿಗೆ ಒದರೋ ಮರಿ ದನಿ. ಆ ದನಿ ನಿಲ್ಲೋ ತನಕ ಹೊಡದೆ. ಅಪ್ಪಗೂ ಹೊಡದೆ, ಹಗ್ಗದ ಏಟಿಗೂ ಹೊಡದೆ, ಸಾಬೂನಿಗೂ ಹೊಡದೆ. ಕೊಡಲಿ ಮಣ್ಣಾಗ ಸಿಕ್ಕೊಂಡು ಹೊರಗ ಬರಲಿಲ್ಲ, ಆಗ ನಿಂತೆ.

ಅವ್ವನ ಪಕ್ಕದಾಗ ಕುಸದು ಕೂತೆ. ಅತ್ತೆ. ಅದಕ್ಕ ಅತ್ತೆನೋ ಅಪ್ಪಗ ಅತ್ತೆನೋ ಗೊತ್ತಿಲ್ಲ. ಅವ್ವ ಮೊಣಕೈ ಊರಿ ಎದ್ದು ನನ್ನ ಜಡಿ ಹಿಡದು ಹತ್ರ ಎಳಕೊಂಡ್ಳು. ಟಗರಿನ ರಕ್ತ, ಉಣ್ಣಿ, ಬೆವರು ಎಲ್ಲಾ ಮೆತ್ತಿದ್ದ ನನ್ನ ತಲಿಗೆ ಮೂಗು ಹಚ್ಚಿ, ಉಸಿರು ಎಳದು ಮೂಸಿದ್ಳು. ಮತ್ತೊಮ್ಮೆ ಮೂಸಿದ್ಳು.

"ಈಗ ಗುರ್ತು ಹತ್ತಿದಿ ನೋಡು," ಅಂದ್ಳು.

ಮುಂದಿನ ವಾರ ನಾ ಕಾಲೇಜಿಗೆ ಹೋದೆ, ಅದಾದ ಮ್ಯಾಲ ದೂರದ ಊರಿಗೂ ಓದಾಕ ಹೋದೆ, ಅವ್ವನೇ ಕಳಿಸಿದ್ಳು. ಆದ್ರ ಆ ದಿನ ಹೊತ್ತು ಮುಳುಗೋ ತನಕ ಆಕಿ ತೋಳಾಗೇ ಇದ್ದೆ, ಮೈ ತೊಳಕೊಳ್ಳಲಿಲ್ಲ.